ಹದವೋ ಅದವೋ

ಸೇಲಂಗೆ ಬಂದ ಮೊದಲ ದಿನವೇ, ಹೇಳಿದ ಮಾತು ಕೇಳಿ ಬೈಸಿಕೊಂಡೆ. ಮಗ್ಗಕ್ಕೆ ಬೇಕಾದ ಅಲ್ಯೂಮಿನಿಯಂ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ನೀರಿಗದ್ದಿ ತೆಗೆದಿದ್ದೆ. ಮೇಸ್ತ್ರಿ ಚಿಕ್ಕಣ್ಣನವರು ಕೂಗಿದರು: “ಅದ ಓಗ್ಬುಡ್ತದೆ, ಬೇಗ ಒಡಿಪ್ಪಾ!” ಅದು ಕೆಟ್ಟಿತು, ಒಡೆದುಹಾಕು ಎಂದರೆಂದು ತಿಳಿದು, ಉಳಿಯಿಟ್ಟು ಎರಡು ತುಂಡು ಮಾಡಿದೆ.

“ಅಯ್ಯೋ, ಒಡಿ ಅಂದ್ರೆ ಒಡ್ದೇ ಬುಟ್ಟಲ್ಲಪ್ಪಾ!”

ಹದ ಹೋಗುತ್ತದೆ, ಸುತ್ತಿಗೆಯಿಂದ ಹೊಡಿ ಎಂದು ಅವರು ಹೇಳಿದ್ದಂತೆ. ತಲೆಮಾರುಗಳಿಂದ ಇಲ್ಲಿ ನೆಲೆಸಿದ ನೇಕಾರರ ಕನ್ನಡದಲ್ಲಿ ಹಕಾರಕ್ಕೆ ಜಾಗವೇ ಇಲ್ಲ. ಇವರ ಬಾಯಲ್ಲಿ ನಾನೂ ಹುಬ್ಬಳ್ಳಿಯವನಲ್ಲ, ‘ಉಬ್ಬಳ್ಳಿಯೋನು’. ವಾಸ ನೇಕಾರರ ಮನೆಯ ಜಗಲಿಯಲ್ಲಿ. ರೊಟ್ಟಿಯ ಬದಲು ಕಳಿ, ಅಂದರೆ ರಾಗಿ ಮುದ್ದೆ. ಅಗಿಯಲು ಹೋಗಿ ನಗೆಪಾಟಲಾದೆ.

ನಮ್ಮದು ತಾಮ್ರ ಬಡಿಯುವ ಮನೆತನ. ತಾಮ್ರ ಕೆಂಪಾದರೆ ಕಾವು ಸಾಕೆಂದು ಅರ್ಥ. ನೀರಿಗದ್ದಿದರೆ ಮೆತ್ತಗಾಗುತ್ತದೆ, ಮತ್ತೆ ಬಡಿಯುವವರೆಗೂ ಹಾಗೇ ಇರುತ್ತದೆ. ಈ ಲೋಹ ಕೆಂಪಾಗುವುದೇ ಇಲ್ಲ. ಕೆಂಪಾಗಲೆಂದು ಕಾದು ಕೂತರೆ ಜೋತುಬಿದ್ದು ಹಾಳಾಯಿತು. ಕಟ್ಟಿಗೆಯ ಕಡ್ಡಿ ತಾಗಿಸಿ, ಕಪ್ಪು ಗೆರೆ ಮೂಡಿದರೆ ತೆಗೆಯಬೇಕಂತೆ. ಅದನ್ನೂ ಕಲಿತು, ಶನಿವಾರ ಒಂದು ಕಟ್ಟು ಪಟ್ಟಿ ಕಾಯಿಸಿ ಅದ್ದಿಟ್ಟು ಹೋದೆ. ಸೋಮವಾರ ಬಗ್ಗಿಸಿದರೆ ಚಟ್ಟನೆ ಬಿರುಕು! ಜೊತೆಗೇ ಕಾಯಿಸಿ ಅದ್ದಿದ್ದ, ಪಾತ್ರೆ ಮಾಡುವ ತಗಡು ಮಾತ್ರ ಮೆತ್ತಗೇ ಇತ್ತು. ಯಾರೋ ನನ್ನ ಪಟ್ಟಿ ಬದಲಾಯಿಸಿದ್ದಾರೆಂದು ಜಗಳಕ್ಕೇ ನಿಂತೆ.

“ಪಾತ್ರೆದು ಬರೀ ಅಲ್ಯೂಮಿನಿಯಂ. ಇದ್ರಲ್ಲಿ ತಾಮ್ರ ಸೇರೈತೆ. ಸುಮ್ನೆ ಮಡಗಿದ್ರೂ ತಾನಾಗೇ ಗಟ್ಟಿ ಆಯ್ತದೆ,” ಎಂದರು ಮೇಸ್ತ್ರಿ.

“ಯಾಕ್ರೀ?”

“ನಂಗೆಂಗಪ್ಪಾ ಗೊತ್ತು! ಮದ್ರಾಸಿಂದ ತಗಡು ತಂದೋನು ಏಳಿದ್ದು ಅಷ್ಟೇ. ಇನ್ನೊಂದ್ ಕಟ್ಟು ಆಳಾದ್ರೆ ನೀನು ಊರಿಗೆ ಓಗು.”

ಅಲ್ಯೂಮಿನಿಯಂ ಪಾತ್ರೆ ಬಂದು ತಾಮ್ರ ಕೇಳುವವರಿಲ್ಲದೆ ಅಂಗಡಿ ಮುಚ್ಚಿ ಬಂದಿದ್ದೆ. ಇಲ್ಲಿ ಕೆಲಸ ಖಾಯಂ ಆದರೆ ಕರೆಸಿಕೊಳ್ಳುತ್ತೇನೆಂದು ಹೆಂಡತಿ ನೀಲವ್ವನಿಗೆ ಮಾತು ಕೊಟ್ಟಿದ್ದೆ. ನಮ್ಮ ತಾಮ್ರವೇ ಪರವೂರಲ್ಲಿ ಹೀಗೆ ಗುಣ ಬದಲಿಸಿದರೆ ಯಾರನ್ನು ನಂಬುವುದು?

ಅಂದಿನಿಂದ ಅದ್ದಿದ ಪಟ್ಟಿಯನ್ನು ನೀರು ಆರುವ ಮೊದಲೇ ಬಡಿದು ಬಗ್ಗಿಸಿದೆ. ಗಟ್ಟಿಯಾಗುವುದನ್ನು ಅದರ ಪಾಡಿಗೇ ಬಿಟ್ಟೆ. ಕೆಲವು ದಿನ ಕಳೆದ ಮೇಲೆ ಮೇಸ್ತ್ರಿ ಆ ಪಟ್ಟಿಗಳನ್ನು ಎಳೆದು, ಜಗ್ಗಿ ನೋಡಿದರು. “ಪದಂ ತಿಳೀತು ಬುಡು ನಿಂಗೆ,” ಎಂದರು. ಹದಕ್ಕೆ ತಮಿಳಿನಲ್ಲಿ ಪದಂ ಎನ್ನುತ್ತಾರೆ. “ಓಗಿ ಎಂಡ್ರನ್ನ ಕರ್ಕೊಂಬಾ.”

ಹುಬ್ಬಳ್ಳಿ ತಲುಪಿದಾಗ ನೀಲವ್ವ ಜೋಳದ ಹಿಟ್ಟು ನಾದಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತಳು. ನನಗೋ ಹಸಿವು.

“ಅದ ಓಗ್ತದೆ, ಬೇಗ ತಟ್ಟು,” ಎಂದೆ.

“ಯಾವ್ದು ಹೋಗ್ತೈತ್ರೀ?” ಎಂದು ಅವಳು ಗಾಬರಿಯಿಂದ ಬಾಗಿಲ ಕಡೆ ತಿರುಗಿದಳು.

ಸೇಲಂನಲ್ಲಿ ನಾನಿನ್ನೂ ಉಬ್ಬಳ್ಳಿಯೋನು. ಇಲ್ಲಿ ನನ್ನ ಹೆಂಡತಿಗೇ ನನ್ನ ಮಾತು ತಿಳಿಯಲಿಲ್ಲ.