ಹಾಸು ಹಾಸಿದ ಓಣಿಯಲ್ಲಿ ಸೈಕಲ್ ದಾರಿ

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಎರಡು ಮಗ್ಗಗಳಿವೆ. ಒಂದು ನನ್ನದು, ಇನ್ನೊಂದು ನನ್ನ ಮೈದುನನದು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತೇವೆ. ಸೀರೆ ಮುಂದಕ್ಕೆ ಹೋಗುತ್ತದೆ, ನಾವು ಕೂತಲ್ಲೇ ಕೂತಿರುತ್ತೇವೆ. ಮಗಳು ಕಾಲೇಜಿಗೆ ಬಸ್ಸು ಹಿಡಿಯತೊಡಗಿದ ಮೇಲೆ ಅವಳ ಸೈಕಲ್ಲು ಮೂಲೆ ಸೇರಿತ್ತು. ಒಂದು ದಿನ ಅದನ್ನು ಹತ್ತಿ ತುಳಿದೆ ನೋಡಿ, ಊರೇ ಹಿಂದಕ್ಕೆ ಸರಿಯತೊಡಗಿತು! ಅವತ್ತಿನ ಖುಷಿಯನ್ನು ಇವತ್ತಿಗೂ ಯಾರಿಗೂ ಸರಿಯಾಗಿ ಹೇಳಲು ಬಂದಿಲ್ಲ. ನಲವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಸೈಕಲ್ ಹೊಡೆಯುವುದನ್ನು ನೋಡಿ ಓಣಿಯವರು ನಕ್ಕರು. ನಗಲಿ ಬಿಡಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಊರಿಂದೂರಿಗೆ, ರಾಜ್ಯದಿಂದ ರಾಜ್ಯಕ್ಕೆ ಸೈಕಲ್ಲಿನಲ್ಲೇ ಹೋಗುವ ಜನರಿದ್ದಾರೆ ಎಂದು ನನಗೆ ತಿಳಿದದ್ದು ಅಂಥ ಸವಾರನೊಬ್ಬ ನಮ್ಮ ಕಟ್ಟೆಯ ಮೇಲೆ ಕೂತು ಪಂಕ್ಚರ್ ಹಾಕಿಕೊಳ್ಳುವಾಗ. ಲಾರಿಗಳ ಹೆದ್ದಾರಿ ತಪ್ಪಿಸಿ, ಸಣ್ಣ ರಸ್ತೆಗಳನ್ನು ಒಂದಕ್ಕೊಂದು ಜೋಡಿಸಿ, ಅವರ ಗುಂಪು ಉದ್ದುದ್ದ ದಾರಿ ಮಾಡುತ್ತದಂತೆ. ಆಯಾ ಊರಿನವರು ತಮ್ಮ ತುಣುಕನ್ನು ಪುಕ್ಕಟೆಯಾಗಿ ನೋಡಿಕೊಳ್ಳಬೇಕು. ಮೈಲಿಗಲ್ಲಿಗೆ, ಮೋರಿ ಗೋಡೆಗೆ ಬಾಣದ ಗುರುತು ಬರೆಯಬೇಕು. ಬಳ್ಳಾರಿ ಜಾಲಿ ರಸ್ತೆಗೆ ಚಾಚಿದರೆ ಕಡಿಯಬೇಕು. ನಾರಾಯಣಪೇಟೆಯಿಂದ ಉಟ್ಕೂರ್, ಮಕ್ತಲ್ ಮೇಲೆ ಗದ್ವಾಲದವರೆಗೆ ನೋಡಿಕೊಳ್ಳಲು ಯಾರೂ ಸಿಕ್ಕಿಲ್ಲ ಎಂದ ಅವನು. “ನಾವದೀವಲ್ರೀ!” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಒಳಗೆ ಮೈದುನನ ಮಗ್ಗ ಗಕ್ಕನೆ ನಿಂತಿತು.

ನಮಗೆ ಬಿಡುವು ಅಮಾವಾಸ್ಯೆಗೆ ಮಾತ್ರ. ಅಂದು ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ಅಮಾವಾಸ್ಯೆಯಂದು ನಸುಕಿಗೇ ಹೊರಡುತ್ತಿದ್ದೆವು. ಹ್ಯಾಂಡಲಿಗೆ ಬಣ್ಣದ ಡಬ್ಬಿ, ಕ್ಯಾರಿಯರಿಗೆ ಕುಡುಗೋಲು, ಜೋಳದ ರೊಟ್ಟಿಯ ಗಂಟು. ಬರುವಾಗ ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಬರುವುದು. ಗೊಣಗುತ್ತ ಬಂದ ಮೈದುನನಿಗೂ ಎರಡೇ ಸಲಕ್ಕೆ ಹುಚ್ಚು ಹತ್ತಿತು. ಉಟ್ಕೂರಿನ ಕೆಂಪು ಹೊಲಗಳ ನಡುವೆ ಇಳಿಜಾರು ಸಿಕ್ಕರೆ ಅವನು ಎರಡೂ ಕೈ ಬಿಟ್ಟು ಕೂಗುತ್ತಿದ್ದ. ಜುರಾಲ ಅಣೆಕಟ್ಟಿನ ಮೇಲೆ ಕೃಷ್ಣೆಯ ಗಾಳಿ ಮುಖಕ್ಕೆ ಬಡಿಯುವಾಗ ನಾನೂ ಕೂಗುತ್ತಿದ್ದೆ.

ಇಡೀ ದಾರಿಯಲ್ಲಿ ನನಗೆ ಹೆಚ್ಚು ಹೆಮ್ಮೆ ಇದ್ದದ್ದು ಗದ್ವಾಲದ ನೇಕಾರರ ಓಣಿಯ ಬಗ್ಗೆ. ದೊಡ್ಡ ರಸ್ತೆಯ ಲಾರಿಗಳ ಗೋಳಿಲ್ಲದೆ ಅದು ನೇರ ಕೋಟೆಯ ಕಡೆ ಬಿಡುತ್ತದೆ. ಹುಡುಕಿದ್ದು ನಾನೇ. ಎಷ್ಟು ಸಲ ಹೋದರೂ ಗುಡಿಸಿಟ್ಟ ಹಾಗೆ ಖಾಲಿ ಇರುತ್ತಿತ್ತು. ಅದರ ಬಾಯಿಗೆ ಎಲ್ಲಕ್ಕಿಂತ ದೊಡ್ಡ ಬಾಣ ಬರೆದಿದ್ದೆ.

ಕೊನೆಗೊಂದು ದಿನ ಗುಂಪಿನಿಂದ ಹೇಳಿಕೆ ಬಂತು. ಹಿರಿಯ ಸವಾರರೊಬ್ಬರು ಬಂದು ನಮ್ಮ ದಾರಿಯನ್ನು ತುಳಿದು ನೋಡುತ್ತಾರೆ. ಗುರುತು ನೋಡಿಕೊಂಡು ಹೋಗುವಾಗ ಎಲ್ಲಿಯೂ ಸೈಕಲ್ ಹಿಂದಕ್ಕೆ ತಿರುಗಿಸುವಂತಾಗಬಾರದು. ಒಮ್ಮೆ ತಿರುಗಿಸಿದರೂ ಮಕ್ತಲ್‌ನಿಂದ ಮುಂದಿನದನ್ನೆಲ್ಲ ಕೈಬಿಟ್ಟು ಹೆದ್ದಾರಿಗೆ ಸೇರಿಸುತ್ತಾರೆ. ಅಂದರೆ ಅಣೆಕಟ್ಟೂ ಇಲ್ಲ, ಓಣಿಯೂ ಇಲ್ಲ. ನಾನು ರಾತ್ರಿಯೆಲ್ಲ ಹೊರಳಾಡಿದೆ.

ಬಂದವರು ರಾಯಚೂರು ಕಡೆಯ ಹೆಂಗಸು, ನನ್ನದೇ ವಾರಿಗೆ. ಮಾತು ಕಡಿಮೆ. ಮಗ್ಗ ಬಿಟ್ಟು ಹೊರಟು, ಮೊದಲ ದಿನ ಮಕ್ತಲ್ ತಲುಪಿ ತಂಗಿದೆವು. ಮರುದಿನ ನಸುಕಿಗೆ ಹೊರಟೆವು. ಅವರು ಮುಂದೆ, ನಾವಿಬ್ಬರು ಹಿಂದೆ, ಬಾಯಿ ಬಿಡುವ ಹಾಗಿಲ್ಲ. ಪ್ರತಿ ಬಾಣಕ್ಕೂ ಅವರ ಸೈಕಲ್ ಸರಿಯಾಗಿ ತಿರುಗಿತು. ಅಣೆಕಟ್ಟಿನ ಮೇಲೆ ತಾವಾಗಿಯೇ ನಿಂತು, “ಭಾಳ ಚೊಲೊ ಐತ್ರೀ ಇದು” ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೆದ್ದೆವು ಎಂದುಕೊಂಡೇ ಗದ್ವಾಲದ ಓಣಿಗೆ ತಿರುಗಿದೆ.

ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಾಸು ಹಾಸಿದ್ದರು. ಹಾಸು ಎಂದರೆ ಸೀರೆಯ ಉದ್ದದ ನೂಲು. ಮಗ್ಗಕ್ಕೇರುವ ಮೊದಲು ಅದನ್ನು ಬೀದಿಯುದ್ದಕ್ಕೂ ಅಡ್ಡಕೋಲುಗಳ ಮೇಲೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಬಿಸಿಲು ಚುರುಕಾಗುವುದರೊಳಗೆ ಕುಂಚದಿಂದ ತೀಡಬೇಕು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಗಟಾರ. ಮನುಷ್ಯರು ಒಬ್ಬೊಬ್ಬರಾಗಿ ನುಸುಳಬಹುದು, ಸೈಕಲ್ಲಿಗೆ ಜಾಗವೇ ಇಲ್ಲ.

ನಾವು ನೋಡಿದ್ದೆಲ್ಲ ಅಮಾವಾಸ್ಯೆಯ ಓಣಿ! ನಮ್ಮ ಮಗ್ಗ ನಿಂತ ದಿನ ಇವರ ಕೆಲಸವೂ ನಿಂತಿರುತ್ತದೆ ಎಂಬುದು ನೇಕಾರರ ಮನೆಯ ಇಬ್ಬರಿಗೂ ಹೊಳೆದಿರಲಿಲ್ಲ. ನಮ್ಮವರು ಕೆಲಸ ಮಾಡದ ಓಣಿಯನ್ನು ನೋಡಿ ಎಷ್ಟು ಚೆಂದ ಎಂದು ಕುಣಿದಿದ್ದೆ ನಾನು.

“ವೈನಿ, ನೂಲಿನ ಮ್ಯಾಲೆ ಸೈಕಲ್ ಹೊಡಿಯಾಕ ಬಾಣ ಬರದೀಯೇನು?” ಎಂದ ಮೈದುನ.

“ಬಾಯಿ ಮುಚ್ಚು” ಎಂದೆ. ಸಿಟ್ಟು ನೆತ್ತಿಗೇರಿತ್ತು, ಅದು ನನ್ನ ಮೇಲೆಯೇ.

ಕುಂಚ ಹಿಡಿದಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ ಚೀರಿದಳು. “ಯಾರ್ರೀ ಅದು? ಅಲ್ಲೇ ನಿಂದ್ರಿ! ನೂಲಿಗೆ ತಾಕೀತು!”

ಸವಾರ ಹೆಂಗಸು ನನ್ನ ಕಡೆ ನೋಡಿದರು. “ಹಿಂದಕ್ಕ ತಿರುಗೋದೇನ್ರಿ?”

ಹಾಸನ್ನು ಒಂದಿಷ್ಟು ಎತ್ತಿ ಹಿಡಿಯಿರಿ, ಕೆಳಗಿನಿಂದ ಸೈಕಲ್ ತಳ್ಳಿಕೊಂಡು ಹೋಗುತ್ತೇವೆ ಎಂದು ಕೇಳಲು ಬಾಯಿ ತೆರೆದೆ. ಹಸಿ ಹಾಸನ್ನು ಅಲುಗಾಡಿಸಿ ಎಂದು ನೇಯುವವಳೊಬ್ಬಳು ಇನ್ನೊಬ್ಬಳಿಗೆ ಹೇಳುವುದುಂಟೆ? ಅಷ್ಟರಲ್ಲಿ ನನ್ನ ಕಣ್ಣೆದುರೇ ನಾಲ್ಕೈದು ಎಳೆಗಳು ತುಂಡಾಗಿ ಜೋತುಬಿದ್ದವು. ಮುದುಕಿಗೆ ಕಾಣಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿದ್ದು ನೆನಪಿಲ್ಲ. ನನ್ನ ಬೆರಳುಗಳು ಆಗಲೇ ಎಳೆ ಹುಡುಕಿ ಗಂಟು ಹಾಕುತ್ತಿದ್ದವು.

“ನೇಯೋರೇನು ತಂಗಿ?” ಎಂದಳು ಮುದುಕಿ.

“ನಾರಾಯಣಪೇಟಿಯವ್ರು ಯಕ್ಕಾ.”

“ಮತ್ತ ಆತ ಯಾಕ ಸುಮ್ಮ ನಿಂತಾನ? ಕುಂಚ ತಗೋ ಅನ್ನು.” ಮೈದುನ ಕುಂಚ ತೆಗೆದುಕೊಂಡ. ಮುದುಕಿ ಅಷ್ಟಕ್ಕೇ ಬಿಡಲಿಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ ಸವಾರ ಹೆಂಗಸಿಗೂ ಕೂಗಿದಳು. “ಅವ್ವಾ, ಆ ಕೋಲು ಸಡಲಾಗೇತಿ. ಜಗ್ಗಿ ಹಿಡಿ ಬಾ!”

ಅವರು ಬಂದು ಹಿಡಿದರು! ಹೆಲ್ಮೆಟ್ ಸಹ ತೆಗೆಯಲಿಲ್ಲ. ಕಾಲು ಊರಿ, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತರು. ಓಣಿಯವರು ಬಾಗಿಲಿಗೆ ಬಂದು ನಗುತ್ತಿದ್ದರು. ಹಾಸು ಒಣಗಿ, ಸುತ್ತಿ ಎತ್ತುವ ಹೊತ್ತಿಗೆ ಅವರ ತೋಳು ನಡುಗುತ್ತಿತ್ತು. ಓಣಿ ತೆರೆಯಿತು. ಒಬ್ಬರ ಹಿಂದೊಬ್ಬರು ಆ ತುದಿಯವರೆಗೆ ತುಳಿದುಕೊಂಡು ಹೋದೆವು.

ಅಲ್ಲಿ ಅವರು ಇಳಿದು ಕೇಳಿದರು. “ಖರೇ ಹೇಳ್ರಿ. ಇದು ಇವತ್ತೊಂದಿನದ್ದೋ, ದಿನಾನೂ ಹಿಂಗೋ?”

ಇವತ್ತೊಂದೇ ದಿನ ಎಂದಿದ್ದರೆ ದಾರಿ ನನ್ನದಾಗುತ್ತಿತ್ತು. ನಾಲಿಗೆಯ ತುದಿಗೇ ಬಂದಿತ್ತು. “ಭಾಳ ದಿನ ಹಿಂಗ ಇರತೈತ್ರಿ” ಎಂದೆ. “ಬಂದೋರು ಇಳದು ಕಾಯಬೇಕು.”

ನಮ್ಮ ಹಿಂದೆಯೇ ಚೊಂಬಿನಲ್ಲಿ ನೀರು ತಂದಿದ್ದ ಮುದುಕಿ ನಡುವೆ ಬಾಯಿ ಹಾಕಿದಳು. “ಅಷ್ಟ್ ದೂರದಿಂದ ತುಳಕೊಂತ ಬರೋರಿಗೆ ಒಂದು ಗಳಿಗಿ ನಿಂದ್ರಾಕ ಏನು ಧಾಡಿ? ಕೈ ಹಚ್ಚಿದ್ರ ನಮಗೂ ಜಲ್ದಿ ಆಕ್ಕತಿ.”

ಸವಾರ ಹೆಂಗಸು ನೀರು ಕುಡಿದು, ತೋಳು ನೀವಿಕೊಂಡು, ಮೊದಲ ಸಲ ನಕ್ಕರು. “ನಾವು ಹಿಂದಕ್ಕೇನು ತಿರುಗಿಲ್ಲಲ್ಲ. ಇದ್ದಂಗ ಇರಲಿ ಬಿಡ್ರಿ ದಾರಿ.” ನಾನು ಎಂಥ ಕೇಕೆ ಹಾಕಿದೆನೆಂದರೆ ಮೈದುನ ಕಿವಿ ಮುಚ್ಚಿಕೊಂಡ.

ಮುಂದಿನ ತಿಂಗಳು ದೂರದ ಸವಾರರ ಮೊದಲ ತಂಡ ಬಂತು. ನಾವು ಮಗ್ಗ ಬಿಟ್ಟು, ಕೆಲಸದ ದಿನವೇ, ಅವರ ಮುಂದಾಳಾಗಿ ಹೋದೆವು. ಓಣಿಯ ತುಂಬ ಹಾಸು. ಇಳಿದು ಕೈ ಹಚ್ಚಿ ಎಂದು ಇವರಿಗೆ ಯಾರು ಹೇಳಬೇಕೋ ಎಂದು ನಾನು ಹಿಂಜರಿಯುತ್ತಿರುವಾಗಲೇ ಮುದುಕಿಯ ದನಿ ಕೇಳಿತು. “ಏ ಕೆಂಪು ಟೊಪಿಗಿ, ಈ ಕಡೆ ಬಾ! ಎತ್ತರದಾಂವ, ಆ ಕೋಲು ಹಿಡಿ!” ಭಾಷೆ ತಿಳಿಯದವರೂ ಓಡಿದರು. ಬಣ್ಣಬಣ್ಣದ ಹೆಲ್ಮೆಟ್ಟುಗಳು ನೂಲಿನ ಎರಡೂ ಕಡೆ ಸಾಲುಗಟ್ಟಿದವು. ಸೈಕಲ್ಲುಗಳೆಲ್ಲ ಗೋಡೆಗೆ ಒರಗಿ ನಿಂತವು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವರಲ್ಲಿ ಒಬ್ಬರೂ ಹಿಂದಕ್ಕೆ ತಿರುಗಲಿಲ್ಲ.