ಅಜ್ಜಿ ಬಸ್ಸಿನಲ್ಲಿ ಹಿಡಿದ ಹಾಡುಗಳ್ಳ

ಇವತ್ತು ಆಟೋದಲ್ಲಿ ಒಂದು ಹಳೆಯ ಸಿನಿಮಾ ಹಾಡಿನ ರೀಮಿಕ್ಸ್ ಕೇಳಿಸಿ, ಅಜ್ಜಿ ನೆನಪಾದಳು.

ಸೋಮವಾರದ ಭಜನೆಯಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಅವಳದು. ಅವಳ ಮೆಚ್ಚಿನ ನಂಜುಂಡನ ಹಾಡನ್ನು ಕ್ಯಾಸೆಟ್ ಕೇಳಿ ಕಲಿತಿದ್ದಳು. ಅದು ಸಿನಿಮಾ ಧಾಟಿಗೆ ಬೇರೆ ಮಾತು ಕೂರಿಸಿದ ಹಾಡೆಂದು ಅವಳಿಗೆ ತಿಳಿದಿರಲಿಲ್ಲ. ರೇಡಿಯೋ ಕೇಳುತ್ತಿದ್ದ ನನಗೆ ಗೊತ್ತಿತ್ತು, ಹೇಳಿರಲಿಲ್ಲ.

ಒಮ್ಮೆ ನಾವಿಬ್ಬರೂ ನರಸೀಪುರದಿಂದ ನಂಜನಗೂಡಿಗೆ ಹೊರಟಿದ್ದಾಗ ಬಸ್ಸಿನಲ್ಲಿ ಡ್ರೈವರ್ ಟೇಪ್ ಹಾಕಿದ. ಅದೇ ಧಾಟಿಯಲ್ಲಿ ಗಾಯಕನೊಬ್ಬ ಹುಡುಗಿಯ ಸೊಂಟವನ್ನು ಹೊಗಳತೊಡಗಿದ. ಅಜ್ಜಿ ದಡಕ್ಕನೆ ಎದ್ದಳು.

“ನಿಲ್ಸಪ್ಪಾ ಅದ! ದೇವ್ರ ಆಡ ಕದ್ದು ಇಂಗಾ ಕೆಡ್ಸೋದು?”

ಕಂಡಕ್ಟರ್ ನಕ್ಕ. “ಇದೇ ಮೊದ್ಲು ಬಂದಿದ್ದು ಕಣವ್ವ. ಕದ್ದಿರೋರು ನಿಮ್ ಭಜ್ನೆಯೋರು.”

ಬಸ್ಸೆಲ್ಲ ಗೊಳ್ಳೆಂದಿತು. ಅಜ್ಜಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಸಪ್ಪಗೆ ಕುಳಿತುಬಿಟ್ಟಳು.

ಡ್ರೈವರಿಗೇ ಪಾಪ ಎನಿಸಿತೇನೋ, ಟೇಪ್ ನಿಲ್ಲಿಸಿದ. “ಬೇಜಾರ್ ಮಾಡ್ಕಬೇಡಿ ಕಣವ್ವಾ. ನಿಮ್ ಆಡ್ನೇ ಏಳಿ, ಕೇಳಣ.”

ಅಜ್ಜಿ ಅಳುಕುತ್ತಲೇ ಶುರುಮಾಡಿದಳು. ಎರಡನೇ ಸಲಕ್ಕೆ ಬಸ್ಸೇ ಚಪ್ಪಾಳೆ ತಟ್ಟಿ ದನಿಗೂಡಿಸಿತು. ನಂಜನಗೂಡು ಬಂದರೂ ಯಾರಿಗೂ ಇಳಿಯುವ ಆತುರವಿರಲಿಲ್ಲ.

ಮನೆಗೆ ಬಂದವಳೇ ಕೋಣೆಯ ಬಾಗಿಲು ಮುಚ್ಚಿದಳು. “ಆ ಪಿಚ್ಚರಿಂದು ಎಂಗದೆ? ಮೆಲ್ಗೆ ಏಳವ್ವ.”

ಹಾಡಿದೆ. ಸೊಂಟದ ಸಾಲಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಮ್ದೇ ಚೆಂದಾಗದೆ ಬುಡು,” ಎಂದವಳು ತಡೆದು, “ಇನ್ನೊಂದ್ ಕಿತ ಏಳು,” ಎಂದಳು.

ಇವತ್ತು ಆಟೋದಲ್ಲಿ ಆ ರೀಮಿಕ್ಸಿನ ಜೊತೆ ನನಗರಿವಿಲ್ಲದೆ ಅಜ್ಜಿಯ ಸಾಲುಗಳನ್ನೇ ಗುನುಗುತ್ತಿದ್ದೆ. ಆಟೋದವನು ತಿರುಗಿ, “ಇದ್ಯಾವ ವರ್ಷನ್ನು ಮೇಡಂ?” ಎಂದ.

“ಒರಿಜಿನಲ್ಲು,” ಎಂದೆ.