ಪಿಕಳಾರದ ಕಂಟಿಗೆ ಉಡಿಸಿದ ಸೀರೆ

ಆಗ ನನಗೆ ಅರವತ್ತೆಂಟು. ಈಗ್ಗೆ ಮೂರು ವರ್ಷದ ಮಾತು. ಚಿಗರಿಯ ಕಣ್ಣು ಚೆಂದವೆಂದು ಜನ ಹೇಳುತ್ತಾರೆ. ಇರಬಹುದು. ನಾನು ನೋಡಿದ್ದು ಅದರ ಬಾಯಿಯನ್ನು.

ಗುಡೂರಿನ ಆಚೆ, ಗುಡ್ಡದ ಬುಡಕ್ಕೆ ನಮ್ಮ ಹೊಲ, ಹೊಲದಲ್ಲೇ ಮನೆ. ಮೊದಲು ಗುಡ್ಡದಲ್ಲಿ ತೋಳಗಳಿದ್ದವು, ಚಿಗರಿ ಅಳತೆಯಲ್ಲಿದ್ದವು. ತೋಳ ಹೋದವು, ಬೇಟೆ ನಿಂತಿತು, ಚಿಗರಿಯ ಸಂಸಾರ ಬೆಳೆಯಿತು. ನಮ್ಮ ಸಂಸಾರವೂ ಬೆಳೆದಿದೆ, ಬೈಯಲು ನಾನು ಯಾರು? ಆದರೆ ನಾವು ಒಂದೇ ರಾತ್ರಿಗೆ ಕಡಲೆ ಹೊಲ ನುಂಗುವುದಿಲ್ಲ.

ಎಲ್ಲರಂತೆ ನಾನೂ ಬೆಳೆಯ ಸುತ್ತ ಹಳೇ ಸೀರೆ ಕಟ್ಟಿಸಿದೆ. ಗಾಳಿಗೆ ಸೀರೆ ಪಟಪಟ ಎಂದರೆ ಚಿಗರಿ ಬೆದರುತ್ತವೆ. ಕಡಲೆ ಉಳಿಯಿತು, ಹಕ್ಕಿ ಹೋದವು. ಹೇಗೆಂದರೆ, ಮನೆಯ ಹಿಂದಿನ ಬದುವಿನಲ್ಲಿ ಕವಳಿ, ಬಾರಿ ಹಣ್ಣಿನ ಮುಳ್ಳುಕಂಟಿಗಳ ಸಾಲು. ಅದರೊಳಗೆ ಪಿಕಳಾರಗಳ ಗೂಡು. ಆ ಸಾಲು ಸೀರೆಯ ಹೊರಗೆ ಉಳಿದಿತ್ತು. ಕಡಲೆ ಸಿಗದ ಚಿಗರಿ ಕಂಟಿಗೆ ಬಾಯಿ ಹಾಕಿ ಬರೇ ಮುಳ್ಳು ಉಳಿಸಿದವು. ಮರೆಯಿಲ್ಲದ ಕಂಟಿಯಲ್ಲಿ, ಕಾಗೆ ನೋಡುತ್ತಿರುವಾಗ, ಯಾವ ಹಕ್ಕಿ ಮೊಟ್ಟೆ ಇಟ್ಟೀತು?

ಹಕ್ಕಿ ಹಾಡದಿದ್ದರೆ ನನಗೇನೂ ನಷ್ಟವಿಲ್ಲ. ನಷ್ಟವಾದದ್ದು ನಮ್ಮ ಯಜಮಾನರಿಗೆ. ಅವರಿಗೆ ಕಣ್ಣು ಕಾಣುವುದಿಲ್ಲ. ಪಿಕಳಾರ ಕೂಗಿದರೆ ಬೆಳಗು. ಎದ್ದು ತಣ್ಣೀರು ಸುರಿದುಕೊಂಡು ಲಿಂಗಪೂಜೆಗೆ ಕೂರುವುದು ಅವರ ನೇಮ. ನಾವು ಕೋಳಿ ಸಾಕುವವರಲ್ಲ. ಹಕ್ಕಿ ಹೋದ ಮೇಲೆ ಮಗ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಟ್ಟರೆ, "ನೀವು ಹೇಳಿದಾಗ ಒದರೂದು ಅದು. ಅದಕ್ಕ ಹೊತ್ತು ಗೊತ್ತೇನು?" ಎಂದು ದಿಂಬಿನ ಕೆಳಗೆ ತುರುಕಿದರು. ಎಚ್ಚರವಾದಾಗೆಲ್ಲ ಅವರಿಗೆ ಬೆಳಗು. "ಇನ್ನೂ ರಾತ್ರಿ ಐತ್ರಿ" ಎಂದರೆ, "ನಿನಗ ನಿದ್ದಿ ಬೇಕಾಗೇತಿ, ಸುಳ್ಳು ಹೇಳ್ತಿ" ಎನ್ನುವರು. ಹೊತ್ತಲ್ಲದ ಹೊತ್ತಿನ ತಣ್ಣೀರು ಎದೆಗಿಳಿದು ಇಳಕಲ್ಲಿನ ದವಾಖಾನೆ ಕಂಡೆವು. "ಇನ್ನೊಮ್ಮೆ ಹಿಂಗಾದ್ರ ಅಜ್ಜಾರು ಉಳಿಯೂದು ಕಷ್ಟ ಐತ್ರಿ" ಎಂದರು ಡಾಕ್ಟರು.

ಕಂಟಿ ತಿಂದದ್ದು ಚಿಗರಿ ಎಂದು ಆಗ ನನಗೆ ಹೊಳೆದಿರಲಿಲ್ಲ. ಕುರಿ ಕಾಯುವ ಲಕ್ಕವ್ವನ ಆಡುಗಳೇ ಎಂದು ಆಕೆಯನ್ನು ಬೈದೆ. ಬಿಟ್ಟಾಳೆಯೇ? "ಅಕ್ಕಾರ, ನನ್ನ ಆಡು ಈ ಕಡಿ ಬಂದೇ ಇಲ್ಲ. ಚಿಗರಿನ್ನ ಕಂಟಿಗೆ ಅಟ್ಟಿದಾಕಿ ನೀವ! ಕಡ್ಲಿಗೆ ಸೀರಿ ಉಡಿಸಿದ್ರಿ, ಕಂಟಿ ಏನ್ ಪಾಪ ಮಾಡಿತ್ತು?"

ಮಾತು ಖರೆ ಇತ್ತು. ಅದಕ್ಕೇ ಸಿಟ್ಟು ಬಂತು. ಕಟ್ಟಿದ್ದ ಸೀರೆಗಳನ್ನು ಬಿಚ್ಚಿ ಕಂಟಿಗಳ ಆಚೆಗೆ ಸರಿಸಿ ಕಟ್ಟಿದೆವು. ಒಂದು ಸೀರೆಯಷ್ಟು ಸಂದು ಉಳಿಯಿತು. ಪೆಟ್ಟಿಗೆಯಲ್ಲಿ ಒಂದಿತ್ತು, ಹೊಚ್ಚಹೊಸ ಇಳಕಲ್ ಸೀರೆ, ನನ್ನನ್ನು ಮಣ್ಣು ಮಾಡುವಾಗ ಉಡಿಸಲೆಂದು ನಾನೇ ತೆಗೆದಿಟ್ಟದ್ದು. ತಂದು ಕಟ್ಟಿದೆ.

"ಅಯ್ಯ ಅತ್ತೀ, ಅದು ನಿಮ್ಮ..." ಎಂದು ಸೊಸೆ ಬಾಯಿ ಮುಚ್ಚಿಕೊಂಡಳು.

"ಸತ್ತ ಮ್ಯಾಲ ಗೋಣಿಚೀಲ ಉಡಿಸು, ನಾ ಏನ್ ಎದ್ದು ಬೈತೇನೇನು?"

ಮಳೆ ಬಿತ್ತು, ನಮ್ಮ ಕಂಟಿ ಎಲೆ ತುಂಬಿತು. ಗುಡ್ಡದ ಕಂಟಿಗಳು ಇನ್ನೂ ಬೋಳು. ಚಿಗರಿಗೂ ಹೊಟ್ಟೆ ಇದೆ. ಇಡೀ ಗುಡ್ಡಕ್ಕೆ ಉಡಿಸುವಷ್ಟು ಸೀರೆ ಇಳಕಲ್ಲಿನಲ್ಲೂ ಇಲ್ಲ. ನನಗೆ ಆದದ್ದು ಒಂದು ಬದುವಿನಷ್ಟು.

ಒಂದು ನಸುಕಿನಲ್ಲಿ ಪಿಕಳಾರ ಕೂಗಿತು. ಯಜಮಾನರು ಹಾಸಿಗೆಯಿಂದಲೇ ಕೇಳಿದರು: "ಇದು ಖರೆ ಹಕ್ಕಿ ಏನು, ನಿಮ್ಮ ಮೊಬೈಲ?"

ಹೊರಗೆ ಹೋಗಿ ನೋಡಿದೆ. ಮೂಡಲು ಕೆಂಪಾಗಿತ್ತು. "ಹಕ್ಕೀನ. ಏಳ್ರಿ, ಬೆಳಗಾತು."

ಮರುದಿನ ಅದು ಕೂಗಿದಾಗ ಅವರು ತಾವೇ ಎದ್ದರು. ನಾನು ಮಗ್ಗುಲು ಬದಲಿಸಿ, ಬಿಸಿಲು ಕಾಲಿಗೆ ಬೀಳುವವರೆಗೆ ನಿದ್ದೆ ಮಾಡಿದೆ.